ರತ್ನಳ ರೇಸು ನೋಡಲು ಬೆಲ್ಜಿಯಂಗೆ

ಹೊರಡುವ ಮುಂಚೆ

ಬಾಗೂರಿನ ಜಯಮ್ಮ ಅದುವರೆಗೆ ಬೆಂಗಳೂರಿಗೆ ಹೋಗಿದ್ದದ್ದು ಆಸ್ಪತ್ರೆ ಕೆಲಸಕ್ಕೆ ಮಾತ್ರ. ಅಂಥವರು ಈ ಸಲ ಬೆಂಗಳೂರಿಗೆ ಬಂದವರೇ ಅಲ್ಲಿ ನಿಲ್ಲದೆ ಬೆಲ್ಜಿಯಂ ದೇಶಕ್ಕೆ ಹೋದರು. ಜೊತೆಯಲ್ಲಿ ನಾನಿದ್ದೆ. ನನಗೂ ಅದೇ ಮೊದಲ ವಿದೇಶ ಪ್ರಯಾಣ. ಆದರೆ ಚನ್ನರಾಯಪಟ್ಟಣದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಪಿ.ಟಿ. ಮಿಸ್ ಆಗಿ, ಸೀಟಿ ಊದಿ ಮಕ್ಕಳನ್ನು ಸಾಲು ನಿಲ್ಲಿಸಿಯೇ ತಲೆ ನರೆತವಳು ನಾನು. ಹಾಗಾಗಿ ವಿಮಾನ ನಿಲ್ದಾಣದಲ್ಲೂ ನನಗೆಲ್ಲ ಗೊತ್ತು ಎಂದು ಜಯಮ್ಮ ನಂಬಿದ್ದರು. ನಾನೂ ಗೊತ್ತಿರುವವಳ ಹಾಗೇ ನಡೆದುಕೊಂಡೆ.

ಹೋದದ್ದು ಅವರ ಮಗಳು ರತ್ನಳ ರೇಸು ನೋಡಲು. ರತ್ನ ಆಗ ಯುರೋಪಿನ ಒಂದು ಮಹಿಳಾ ಸೈಕಲ್ ತಂಡದಲ್ಲಿ ಸ್ಪ್ರಿಂಟರ್. ಅಂದರೆ ಊರಿಂದೂರಿಗೆ ರಸ್ತೆಯ ಮೇಲೆ ಎಲ್ಲರ ನಡುವೆ ಓಡಿಸಿಕೊಂಡು ಬಂದು, ಮುಗಿಯುವ ಗೆರೆ ಕಣ್ಣಿಗೆ ಬಿದ್ದಾಗ ಇದ್ದಬದ್ದ ಕಸುವನ್ನೆಲ್ಲ ಕಾಲಿಗೆ ಇಳಿಸಿ ಮುಂದೆ ನುಗ್ಗುವವಳು. ಮಗಳು ಗೆದ್ದ ಫೋಟೋ ಪೇಪರಿನಲ್ಲಿ ಬಂದಾಗ ಜಯಮ್ಮ ನೋಡಿದ್ದರು. ಮಗಳು ರೇಸಿನಲ್ಲಿ ಓಡಿಸುವುದನ್ನು ಮಾತ್ರ ಒಮ್ಮೆಯೂ ನೋಡಿರಲಿಲ್ಲ.

ಆ ವರ್ಷ ರತ್ನ ಹಟ ಹಿಡಿದಳು. ಅಲ್ಲಿ ಅವಳು ಇರುವುದು ಜೊತೆಗಾರ್ತಿ ಲೀಸ್ ಎಂಬವಳ ಮನೆಯಲ್ಲಿ. ಲೀಸ್ ರೇಸು ನಿಲ್ಲಿಸುತ್ತಿದ್ದಾಳೆ, ಅವಳ ಕೊನೆಯ ರೇಸು ಅವಳ ಊರಿನಲ್ಲೇ ನಡೆಯುತ್ತದೆ, ಅವಳ ತಾಯಿ ಕರೆಯುತ್ತಿದ್ದಾರೆ, ಬರಲೇಬೇಕು ಎಂದು ಫೋನಿನಲ್ಲಿ ಹೇಳಿದಳು. ತಂದೆ ಕೃಷ್ಣೇಗೌಡರು, "ನಾನ್ ಬಂದ್ರೆ ಹಸ ಕರೆಯೋರ್ಯಾರು? ನೀನೇ ಓಗಿದ್ ಬಾ" ಎಂದು ಹೆಂಡತಿಗೆ ಹೇಳಿ ಕೈತೊಳೆದುಕೊಂಡರು. ಜಯಮ್ಮ, "ಮೇಡಂ ಬಂದ್ರೆ ಓಯ್ತೀನಿ, ಇಲ್ದಿದ್ರೆ ಇಲ್ಲ" ಎಂದರು. ಹೀಗೆ ನಾನು ವಿದೇಶ ನೋಡಿದೆ.

ಈ ಹುಡುಗಿಯನ್ನು ನಾನು ಮೊದಲು ಕಂಡದ್ದು ಬಸ್ಸಿನ ಹಿಂದಿನ ಗಾಜಿನಲ್ಲಿ. ತೊಂಬತ್ತರ ದಶಕದ ಮೊದಲ ವರ್ಷಗಳು. ಬಾಗೂರಿನ ಕಡೆಯಿಂದ ಪಟ್ಟಣಕ್ಕೆ ಬರುತ್ತಿದ್ದ ಬಸ್ಸಿನಲ್ಲಿ ಕೊನೆಯ ಸೀಟಿನಲ್ಲಿ ಕೂತಿದ್ದೆ. ತಿರುಗಿದರೆ ನಮ್ಮ ಸ್ಕೂಲಿನದೇ ನೀಲಿ ಲಂಗದ ಒಬ್ಬ ಹುಡುಗಿ, ಅಪ್ಪನ ಸೈಕಲ್ಲಿನಲ್ಲಿ, ಬಸ್ಸಿಗೆ ಅಂಟಿಕೊಂಡ ಹಾಗೆ ಬರುತ್ತಿದ್ದಾಳೆ. ಡ್ರೈವರು ಬ್ರೇಕು ಒತ್ತಿದರೆ ಮುಗಿಯಿತು. ಪಟ್ಟಣ ಹತ್ತಿರವಾಗಿ ಬಸ್ಸು ಕೊಂಚ ನಿಧಾನವಾದದ್ದೇ ತಡ, ಪಕ್ಕಕ್ಕೆ ಸರಿದು, ಸೀಟಿನಿಂದ ಎದ್ದು ನಿಂತು ತುಳಿದು, ನಮ್ಮನ್ನೆಲ್ಲ ಹಿಂದೆ ಹಾಕಿ ಹೋದಳು.

ಸ್ಕೂಲಿನಲ್ಲಿ ಕರೆಸಿ ಚೆನ್ನಾಗಿ ಬೈದೆ. ಆಮೇಲೆ ಕೇಳಿದೆ, "ಅಷ್ಟು ಹತ್ತಿರ ಯಾಕೆ ಬರ್ತೀಯ?"

"ಬಸ್ಸಿನ ಹಿಂದೆ ಗಾಳಿ ಇರಲ್ಲ ಮಿಸ್. ಕಾಲು ನೋಯಲ್ಲ. ಕೊನೇಗೆ ಶಕ್ತಿ ಉಳಿದಿರುತ್ತೆ."

ಯಾರೂ ಹೇಳಿಕೊಡದೆ ಅವಳಿಗೆ ಅದು ತಿಳಿದಿತ್ತು. ಮಿಕ್ಕದ್ದನ್ನು ಕಲಿಸಲು ನಾನು ಅವಳ ಬೆನ್ನು ಬಿದ್ದೆ. ಭಾನುವಾರಗಳಲ್ಲಿ ಅವಳು ಸೈಕಲ್ಲಿನಲ್ಲಿ, ನಾನು ಮೊಪೆಡ್ಡಿನಲ್ಲಿ ಹೊಳೆನರಸೀಪುರಕ್ಕೆ ಹೋಗುತ್ತಿದ್ದೆವು. ಅದು ನನ್ನ ತವರು. ದೇವಸ್ಥಾನದ ಪೂಜೆ ಮುಗಿಸಿ ಬಂದ ನಮ್ಮಣ್ಣ, ಅವಳಿಗೆ ಮೊಸರನ್ನ ಬಡಿಸಿ, ಸೈಕಲ್ಲಿನ ಹ್ಯಾಂಡಲ್ಲಿಗೆ ಒಂದು ಚೂರು ಕುಂಕುಮ ಹಚ್ಚಿ ಕಳಿಸುತ್ತಿದ್ದ. ಅಲ್ಲಿಂದ ಏರಿಳಿತದ ರಸ್ತೆಯಲ್ಲಿ ಅರಕಲಗೂಡಿನ ಕಡೆಗೆ.

ಅದೇ ಅರಕಲಗೂಡಿನಲ್ಲಿ ಅವಳು ಮೊದಲ ಸಲ ಗೆದ್ದದ್ದು. ಒಂದು ಯುವಕ ಸಂಘದವರು ಹಾಸನದಿಂದ ಅರಕಲಗೂಡಿಗೆ ಹುಡುಗರ ರೇಸು ಇಟ್ಟಿದ್ದರು. ನಾನು ಕಾಡಿ ಬೇಡಿ ಇವಳನ್ನೂ ಸೇರಿಸಿದೆ. ದಾರಿಯುದ್ದಕ್ಕೂ ಹುಡುಗರ ಬೆನ್ನಿಗೆ ಕೂತು ಬಂದ ರತ್ನ, ಬಸ್ ಸ್ಟ್ಯಾಂಡಿನ ಮುಂದೆ ಎಲ್ಲರನ್ನೂ ದಾಟಿದಳು. ಹುಡುಗರು ಮುಖ ಊದಿಸಿಕೊಂಡು, "ಹಿಂದೆ ಅಡಗಿಕೊಂಡು ಬಂದ್ಲು ಸಾ, ಇದು ಗೆದ್ದಂಗಲ್ಲ" ಎಂದು ದೂರು ಕೊಟ್ಟರು. ನನಗೆ ಸಿಟ್ಟು ಬಂದದ್ದು ಅದಕ್ಕಲ್ಲ. ಬಾಗೂರಿಗೆ ಹೋಗಿ ಹೇಳಿದರೆ ಜಯಮ್ಮನೂ ಹುಡುಗರ ಕಡೆಗೇ ನಿಂತರು.

"ಅವ್ರು ಏಳಿದ್ದು ಸರಿನೇ ಅಲ್ವಾ ಮೇಡಂ? ಇನ್ನೊಬ್ರು ಗಾಳಿಗೆ ಎದೆ ಕೊಟ್ಕಂಡ್ ಬಂದ್ರು, ಇವ್ಳು ನೆಳ್ಳಲ್ ಬಂದ್ಲು."

ಬ್ರಸೆಲ್ಸ್

ಬ್ರಸೆಲ್ಸಿನಲ್ಲಿ ಇಳಿದು ಹೊರಗೆ ಬಂದಾಗ ಬೆಳಗಿನ ಬಿಸಿಲು. ರತ್ನ ರೈಲ್ವೆ ಸ್ಟೇಷನ್ನಿನ ಹೊರಗೆ ಸಿಗುತ್ತೇನೆ ಎಂದಿದ್ದಳು. ಅಲ್ಲಿಗೆ ಹೋದರೆ ರಸ್ತೆಯ ಪಕ್ಕ ಕೆಂಪು ಬಣ್ಣ ಬಳಿದ ಚೊಕ್ಕಟವಾದ ಒಂದು ಹಾದಿ ಕಂಡಿತು. ಕೆಂಪು ನೆಲ ನೋಡಿ ಜಯಮ್ಮನಿಗೆ ಮನೆಯ ಹಜಾರದ ನೆನಪಾಯಿತೋ ಏನೋ, ಚೀಲಗಳನ್ನು ಅದರ ಮೇಲೇ ಜೋಡಿಸಿ ಕೂತರು. ನಾನೂ ಅವರ ಪಕ್ಕದಲ್ಲೇ ನಿಂತೆ.

ಗಂಟೆಯ ಸದ್ದಾಯಿತು. ಬಿಳಿಗೂದಲಿನ ಒಬ್ಬ ಮುದುಕಿ, ಬುಟ್ಟಿಯಲ್ಲಿ ಸೊಪ್ಪು ತುಂಬಿಕೊಂಡು ಸೈಕಲ್ಲಿನಲ್ಲಿ ನಮ್ಮ ಮೇಲೇ ಬರುತ್ತಿದ್ದಳು. ಚೀಲದ ಮುಂದೆ ಗಕ್ಕನೆ ನಿಂತು ನಮಗೆ ಅರ್ಥವಾಗದ ಭಾಷೆಯಲ್ಲಿ ಬೈದಳು. ಅವಳ ಹಿಂದೆ ಕೋಟು ತೊಟ್ಟ ಒಬ್ಬ ಆಫೀಸರು, ಮಗುವನ್ನು ಹಿಂದೆ ಕೂರಿಸಿಕೊಂಡ ಒಬ್ಬ ತಾಯಿ, ಎಲ್ಲರೂ ಸೈಕಲ್ಲಿನಲ್ಲಿ, ಎಲ್ಲರೂ ಗಂಟೆ ಹೊಡೆಯುತ್ತ ನಿಂತುಬಿಟ್ಟರು. ಅದು ಸೈಕಲ್ಲಿಗೆಂದೇ ಮಾಡಿದ ಹಾದಿ ಎಂದು ಆಗ ತಿಳಿಯಿತು. ನಮ್ಮ ಕಡೆ ಲಾರಿಗೂ ಇಷ್ಟು ಮರ್ಯಾದೆಯ ದಾರಿ ಇಲ್ಲ. ಚೀಲಗಳನ್ನು ಎಳೆದುಕೊಂಡು ಪಕ್ಕಕ್ಕೆ ಹೋದೆವು.

ಜಯಮ್ಮನಿಗೆ ಬೈಸಿಕೊಂಡದ್ದಕ್ಕೆ ಬೇಸರವಾಗಲಿಲ್ಲ. ಆ ಮುದುಕಿ ಮರೆಯಾಗುವವರೆಗೂ ನೋಡುತ್ತಿದ್ದರು.

"ನೋಡುದ್ರಾ ಮೇಡಂ, ಅಜ್ಜಿ ಸೈಕಲ್ ತುಳೀತಾವ್ಳೆ. ಯಾರೂ ತಿರುಗೂ ನೋಡ್ನಿಲ್ಲ. ನಮ್ ರತ್ನಿ ತುಳೀವಾಗ ಜಗಲಿ ಮ್ಯಾಲೆ ಕೂತಿರೋರೆಲ್ಲ ನನ್ ಮನೇ ಬಾಗ್ಲಿಗೆ ಬಂದು ಬುದ್ಧಿ ಏಳಿದ್ರಲ್ಲ."

ಅಷ್ಟರಲ್ಲಿ ರತ್ನ ಬಂದಳು. ಕೂದಲು ಕತ್ತರಿಸಿಕೊಂಡಿದ್ದಳು. ಕೆನ್ನೆಯ ಮೇಲೆ ಬಿಸಿಲಿಗೆ ಕಪ್ಪಗಾದ ಪಟ್ಟಿ. ಜಯಮ್ಮ ಮಗಳ ತೋಳು ಹಿಡಿದು ನೋಡಿ, "ಉಂಡಿದ್ಯಾ?" ಎಂದರು. ಎರಡು ವರ್ಷದ ಮೇಲೆ ಕಂಡ ಮಗಳಿಗೆ ಅವರು ಆಡಿದ ಮೊದಲ ಮಾತು ಅದು.

ಲೀಸ್ ಮನೆ

ಲೀಸಳ ಊರಿನ ಹೆಸರು ನನ್ನ ನಾಲಗೆಯಲ್ಲಿ ಇವತ್ತಿಗೂ ಸರಿಯಾಗಿ ಹೊರಳುವುದಿಲ್ಲ, ಅದಕ್ಕೆ ಬರೆಯುವುದಿಲ್ಲ. ಗೆಂಟ್ ನಗರದಿಂದ ಇನ್ನೂ ಒಳಗೆ, ಚಪ್ಪಟೆ ನೆಲದ ಸೀಮೆ. ಗುಡ್ಡವಿಲ್ಲ, ಬೆಟ್ಟವಿಲ್ಲ, ಗಾಳಿಗೆ ಅಡ್ಡ ನಿಲ್ಲುವುದು ಒಂದೂ ಇಲ್ಲ. ಇಲ್ಲಿ ಸೈಕಲ್ ಹೊಡೆಯುವವರ ಕಷ್ಟ ಬಾಗಿಲು ತೆಗೆದ ಕೂಡಲೇ ನನ್ನ ಸೆರಗಿಗೇ ಗೊತ್ತಾಯಿತು.

ಲೀಸಳ ತಾಯಿ ಮಾರ್ತಾ ದಪ್ಪ ಕೈಗಳ, ಗಟ್ಟಿ ನಗುವಿನ ಹೆಂಗಸು. ಅವರ ಪದ್ಧತಿಯಂತೆ ನಮ್ಮ ಕೆನ್ನೆಗೆ ಮೂರು ಸಲ ಮುತ್ತಿಟ್ಟರು. ಎರಡಕ್ಕೇ ಮುಗಿಯಿತೆಂದು ನಾನು ಮುಖ ತಿರುಗಿಸಿದ್ದರಿಂದ ಮೂರನೆಯದು ನನ್ನ ಕನ್ನಡಕಕ್ಕೆ ಬಿತ್ತು. ಜಯಮ್ಮ ಕಂಬದ ಹಾಗೆ ನಿಂತು ಸಹಿಸಿಕೊಂಡರು.

ಆದರೆ ಮನೆಯ ಹಿಂದೆ ಹೋದ ಮೇಲೆ ಜಯಮ್ಮ ನಮ್ಮನ್ನೆಲ್ಲ ಮರೆತರು. ಅಲ್ಲಿ ಕೊಟ್ಟಿಗೆ ತುಂಬ ಹಸುಗಳು, ಕೊಟ್ಟಿಗೆಯಾಚೆ ಆಲೂಗೆಡ್ಡೆ ಹೊಲ. ಹಾಸನ ಜಿಲ್ಲೆಯವರಿಗೆ ಆಲೂಗೆಡ್ಡೆ ಹೊಲ ತೋರಿಸಿದರೆ ಕೇಳಬೇಕೆ? ಜಯಮ್ಮ ಬದುವಿನಲ್ಲಿ ಕುಕ್ಕರಗಾಲಲ್ಲಿ ಕೂತು, ಮಣ್ಣು ಹಿಡಿದು ಪುಡಿ ಮಾಡಿ ಮೂಸಿದರು. ಮಾರ್ತಾ ಬಂದು ಪಕ್ಕದಲ್ಲಿ ಕೂತರು. ಒಬ್ಬರದು ಫ್ಲೆಮಿಶ್, ಒಬ್ಬರದು ಕನ್ನಡ. ಎಲೆಯ ಮೇಲಿನ ಕಪ್ಪು ಚುಕ್ಕೆ ತೋರಿಸಿ ಇವರು ತಲೆ ಅಲ್ಲಾಡಿಸಿದರೆ ಅವರೂ ಅಲ್ಲಾಡಿಸಿದರು. ಆ ರೋಗ ಎರಡೂ ಕಡೆ ಇದೆ ಎಂದು ಗೊತ್ತಾಯಿತು. ಇಂಗ್ಲಿಷು ಬರುವ ನನ್ನ ಅಗತ್ಯ ಇಬ್ಬರಿಗೂ ಬೀಳಲಿಲ್ಲ.

ಊಟ ಮಾತ್ರ ಹೊಂದಲಿಲ್ಲ. ಮಧ್ಯಾಹ್ನ ತಣ್ಣಗಿನ ಬ್ರೆಡ್ಡು, ಚೀಸು. ರಾತ್ರಿಗೆ ಬೇಯಿಸಿದ ಆಲೂಗೆಡ್ಡೆ, ಉಪ್ಪು ಬಿಟ್ಟರೆ ಇನ್ನೊಂದಿಲ್ಲ. ಮೂರನೆಯ ದಿನ ಜಯಮ್ಮ ತಡೆಯಲಾರದೆ, ತಂದಿದ್ದ ರಾಗಿ ಹಿಟ್ಟು ತೆಗೆದು ಅವರ ದೊಡ್ಡ ಪಾತ್ರೆಯಲ್ಲಿ ಮುದ್ದೆ ತಿರುವಿದರು. ಲೀಸ್ ಅದನ್ನು ಅಗಿದು ಅಗಿದು ಸುಸ್ತಾದಳು. ನುಂಗಬೇಕು ಎಂದು ರತ್ನ ತೋರಿಸಿಕೊಟ್ಟಳು. ಲೀಸ್ ನುಂಗಿ, ಕಣ್ಣಲ್ಲಿ ನೀರು ತುಂಬಿಕೊಂಡು, ಇನ್ನೊಂದು ತುತ್ತು ಕೇಳಿದಳು. ಒಳ್ಳೆಯ ಹುಡುಗಿ. ನೀಳ ಮೂಗು, ಒಡೆದ ತುಟಿ, ಮಾತು ಕಡಿಮೆ.

ಅಡುಗೆಮನೆಯ ಗೋಡೆಯ ತುಂಬ ಫೋಟೋಗಳು. ಎಲ್ಲದರಲ್ಲೂ ರತ್ನ. ರಾಜ್ಯಕ್ಕೆ, ಆಮೇಲೆ ದೇಶಕ್ಕೆ ಚಾಂಪಿಯನ್ ಆದ ಹುಡುಗಿಯನ್ನು ಏಷ್ಯಾದ ಒಂದು ಕೂಟದಲ್ಲಿ ಈ ತಂಡದವರು ನೋಡಿ ಕರೆಸಿಕೊಂಡಿದ್ದರು. ಮೊದಲ ಚಳಿಗಾಲದಲ್ಲೇ ಕಲ್ಲು ಹಾಸಿದ ರಸ್ತೆಯಲ್ಲಿ ಬಿದ್ದು ಭುಜದ ಮೂಳೆ ಮುರಿದುಕೊಂಡಳು. ಆಗ ಮನೆಗೆ ಕರೆತಂದು ಇಟ್ಟುಕೊಂಡವಳು ಲೀಸ್. ಆಮೇಲಿನ ಫೋಟೋಗಳೆಲ್ಲ ಗೆಲುವಿನವು. ಹಾಲೆಂಡು, ಫ್ರಾನ್ಸು, ಬೆಲ್ಜಿಯಂ. ಪ್ರತಿಯೊಂದರಲ್ಲೂ ಕೇಸರಿ ಬಿಳಿ ಹಸಿರಿನ ಅಂಗಿ, ಏಕೆಂದರೆ ದೇಶದ ಚಾಂಪಿಯನ್ ಆದವರು ಎಲ್ಲೇ ಓಡಿಸಿದರೂ ದೇಶದ ಬಣ್ಣ ತೊಡಬೇಕೆಂಬುದು ಅವರ ಪದ್ಧತಿ. ಮಾರ್ತಾ ಒಂದೊಂದನ್ನೇ ಮುಟ್ಟಿ ಊರಿನ ಹೆಸರು ಹೇಳಿದರು. ಪರದೇಶದ ಅಡುಗೆಮನೆಯಲ್ಲಿ ನಮ್ಮ ಸ್ಕೂಲಿನ ಹುಡುಗಿಯ ಹೆಸರು ಹೀಗೆ ಕೇಳಿ ನನಗೆ ಎದೆ ತುಂಬಿ ಬಂತು.

ಜಯಮ್ಮ ಬೇರೆ ಏನನ್ನೋ ಹುಡುಕುತ್ತಿದ್ದರು. "ಆ ಹುಡ್ಗೀದು ಒಂದೂ ಇಲ್ವಲ್ಲ?" ಎಂದು ಲೀಸಳ ಕಡೆ ನೋಡಿದರು.

ಬುಧವಾರ, ಪಕ್ಕದ ಊರು

ಬುಧವಾರ ಪಕ್ಕದ ಊರಿನಲ್ಲಿ ಒಂದು ಸಣ್ಣ ರೇಸು. ಚರ್ಚಿನ ಸುತ್ತ, ಹೊಲಗಳ ಸುತ್ತ ಅದೇ ರಸ್ತೆಯಲ್ಲಿ ಸುತ್ತುತ್ತಾರೆ. ನೋಡುವವರು ಮನೆಯ ಮುಂದೆ ಕುರ್ಚಿ ಹಾಕಿಕೊಂಡು, ಕಾಗದದ ಪೊಟ್ಟಣದಲ್ಲಿ ಕರಿದ ಆಲೂಗೆಡ್ಡೆ ತಿನ್ನುತ್ತ ಕೂತಿರುತ್ತಾರೆ.

ಮೊದಲ ಸಲ ಗುಂಪು ನಮ್ಮ ಮುಂದೆ ಹಾದುಹೋದಾಗ ಜಯಮ್ಮ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು. ಜೇನುಹುಳು ಎದ್ದ ಹಾಗೆ ಸದ್ದು, ಒಂದಿಷ್ಟು ಬಣ್ಣ, ಆಮೇಲೆ ಮುಖಕ್ಕೆ ಗಾಳಿ. ಕೇಸರಿ ಬಿಳಿ ಹಸಿರು ಎಲ್ಲೋ ನಡುವೆ ಕಂಡು ಮಾಯವಾಯಿತು. ಕೊನೆಯ ಸುತ್ತಿನಲ್ಲಿ ಎಲ್ಲ ಸ್ಪಷ್ಟವಾಗಿ ಕಂಡಿತು. ಲೀಸ್ ಎಲ್ಲರಿಗಿಂತ ಮುಂದೆ, ತಲೆ ತಗ್ಗಿಸಿ, ಬಾಯಿ ತೆರೆದು ತುಳಿಯುತ್ತಿದ್ದಾಳೆ. ಅವಳ ಹಿಂದಿನ ಚಕ್ರಕ್ಕೆ ಒಂದು ಗೇಣಿನಷ್ಟು ಹತ್ತಿರ ರತ್ನ. ಗೆರೆ ಹತ್ತಿರವಾದಾಗ ಲೀಸ್ ಪಕ್ಕಕ್ಕೆ ಸರಿದಳು, ರತ್ನ ಎದ್ದು ನಿಂತಳು. ಅವಳ ಹಿಂದಿದ್ದವರು ಇದ್ದಕ್ಕಿದ್ದಂತೆ ನಿಂತುಹೋದರೇನೋ ಎಂದು ಕಂಡಿತು. ಅಷ್ಟು ವೇಗ. ಕೈ ಎರಡೂ ಮೇಲೆತ್ತಿಕೊಂಡು ಗೆರೆ ದಾಟಿದಳು.

ನಾನು ಚಪ್ಪಾಳೆ ತಟ್ಟಿ ತಟ್ಟಿ ಅಂಗೈ ಕೆಂಪಗಾಯಿತು. ಲೀಸ್ ಎಲ್ಲೋ ಮೂವತ್ತು ಜನರಾದ ಮೇಲೆ ಬಂದಳು. ಬಂದವಳೇ ರತ್ನಳನ್ನು ತಬ್ಬಿಕೊಂಡಳು.

ಸಂಜೆ ಕೊಟ್ಟಿಗೆಯ ಹತ್ತಿರ ತಾಯಿ ಮಗಳು ಮಾತಾಡುತ್ತಿದ್ದರು. ನಾನೂ ಇದ್ದೆ.

"ಚೆಂದಾಗ್ ಓಡುಸ್ದೆ ಮಗ" ಎಂದರು ಜಯಮ್ಮ. ಆಮೇಲೆ, "ಆ ಲೀಸು ಗಾಳೀನೆಲ್ಲ ತಾನೇ ಕುಡ್ಕಂಡು ನಿನ್ನ ಎಳ್ಕಂಡ್ ಬಂದ್ಲು. ಹೂವು ನಿನ್ ಕೈಗ್ ಕೊಟ್ರು" ಎಂದರು.

"ಅದು ಅವಳ ಕೆಲ್ಸ ಅವ್ವ. ಮುಗ್ಸೋದು ನನ್ ಕೆಲ್ಸ. ನಾನ್ ಗೆದ್ರೆ ತಂಡ ಗೆದ್ದಂಗೆ. ಅವಳ್ಗೂ ಅದೇ ಖುಷಿ."

"ಇರ್ಬೋದು. ಅವ್ಳು ಎಷ್ಟ್ ವರ್ಷದಿಂದ ಮಾಡ್ತಾವ್ಳೆ?"

"ನನಗಿಂತ ಮುಂಚಿಂದ."

"ಒಂದ್ಸಲನಾದ್ರೂ ಅವ್ಳಿಗೆ ಹೂವು ಸಿಕ್ಕದಾ?"

ರತ್ನ ಹಸುವಿನ ಕತ್ತಿನಡಿಯ ಗಂಗೆದೊಗಲು ಸವರುತ್ತ ನಿಂತಳು. "ಇಲ್ಲ" ಎಂದಳು.

ಅವಳ ಮುಖ ಬಾಡಿದ್ದು ನನಗೆ ಕಂಡಿತು. ಜಯಮ್ಮ ಒಳಗೆ ಹೋದ ಮೇಲೆ ಸಮಾಧಾನ ಹೇಳಹೋದೆ. ಅವಳೇ ಮಾತು ಬದಲಿಸಿದಳು.

"ಭಾನುವಾರ ಇಟಲಿಯ ದೊಡ್ಡ ತಂಡದವರು ನನ್ನ ನೋಡಕ್ಕೆ ಬರ್ತಾರೆ ಮಿಸ್. ಅವರ ತಂಡ ಸೇರಿದ್ರೆ ಪ್ರಪಂಚದ ದೊಡ್ಡ ರೇಸೆಲ್ಲ ಓಡಿಸ್ಬೋದು. ನಮ್ಮ ಮ್ಯಾನೇಜರು, ಲೀಸ್ ನಿನ್ನ ಗೆರೆ ತನಕ ತಂದು ಬಿಡ್ತಾಳೆ, ನೀನು ಗೆದ್ದು ತೋರ್ಸು ಅಂದಿದಾರೆ."

"ಅವಳದೇ ಊರಲ್ಲೂ ಅವಳೇ ಎಳೀಬೇಕಾ?"

"ಹ್ಞೂಂ ಮಿಸ್. ಅವಳೇ ಒಪ್ಕೊಂಡಿದಾಳೆ."

ಭಾನುವಾರ

ಭಾನುವಾರ ಇಡೀ ಊರು ರಸ್ತೆಗೆ ಬಂದಿತ್ತು. ಲೀಸಳ ಹೆಸರು ಬರೆದ ಬಟ್ಟೆಗಳನ್ನು ಕಿಟಕಿಗಳಿಂದ ಇಳಿಬಿಟ್ಟಿದ್ದರು. ಗೆರೆಯ ಹತ್ತಿರ ಮೈಕು ಹಿಡಿದ ಒಬ್ಬ ಉದ್ದನೆಯ ಮನುಷ್ಯ ಒಂದೇ ಸಮನೆ ಮಾತಾಡುತ್ತಿದ್ದ. ಮಾರ್ತಾ, ಜಯಮ್ಮ, ನಾನು ಕಬ್ಬಿಣದ ಅಡ್ಡಕಂಬಿಗೆ ಒರಗಿ ನಿಂತೆವು. ಗಾಳಿ ವಿಪರೀತ. ಜಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೇಲೆ ಮಾರ್ತಾ ಕೊಟ್ಟ ಉಣ್ಣೆಯ ಕೋಟು ಹಾಕಿಕೊಂಡಿದ್ದರು.

ಸುತ್ತಿನ ಮೇಲೆ ಸುತ್ತು ಗುಂಪು ಒಟ್ಟಾಗಿಯೇ ಬಂತು. ಇನ್ನು ಎರಡು ಸುತ್ತು ಇರುವಾಗ ಮೈಕಿನವನ ದನಿ ಬದಲಾಯಿತು. ಮಾರ್ತಾ ಬಾಯಿಗೆ ಕೈ ಅಡ್ಡ ಹಿಡಿದರು. ಏನಾಯಿತೆಂದು ಕೇಳಿದರೆ, "ಲೀಸ್" ಎಂದು, ಕೈಯಲ್ಲಿ ಚಕ್ರ ಮಾಡಿ ತೋರಿಸಿ, "ಫುಸ್" ಎಂದರು. ಪಂಕ್ಚರ್. ಕಲ್ಲು ಹಾಸಿನ ರಸ್ತೆಯಲ್ಲಿ. ಚಕ್ರ ಬದಲಾಯಿಸಿಕೊಳ್ಳುವಷ್ಟರಲ್ಲಿ ಗುಂಪು ಕಣ್ಣಿಗೆ ಕಾಣದಷ್ಟು ಮುಂದೆ ಹೋಗಿರುತ್ತದೆ. ಈ ಗಾಳಿಯಲ್ಲಿ ಒಬ್ಬಳೇ ಹಿಡಿಯುವುದು ಆಗದ ಮಾತು.

ಗುಂಪು ಬಂತು, ಹೋಯಿತು.

"ನಮ್ ಹುಡ್ಗಿ ಎಲ್ಲಿ ಮೇಡಂ?" ಎಂದರು ಜಯಮ್ಮ.

ನಾನೂ ಹುಡುಕುತ್ತಿದ್ದೆ. ಕೇಸರಿ ಬಿಳಿ ಹಸಿರು ಇರಲಿಲ್ಲ. ಬಿದ್ದಳೇನೋ ಎಂದು ಜಯಮ್ಮ ಕಂಬಿಯಾಚೆ ಬಗ್ಗಿ ನೋಡಿದರು. ರಸ್ತೆ ಖಾಲಿ ಬಿದ್ದುಕೊಂಡಿತು. ಆಮೇಲೆ ತಿರುವಿನಲ್ಲಿ ಇಬ್ಬರು ಕಂಡರು.

ಹಿಂದೆ ಲೀಸ್. ಮುಂದೆ ರತ್ನ.

ಲೀಸ್ ನಿಂತದ್ದನ್ನು ಕಂಡು ರತ್ನ ಗುಂಪು ಬಿಟ್ಟು ಹಿಂದೆ ಉಳಿದಿದ್ದಳು. ಅವರ ಮ್ಯಾನೇಜರು ಕಿವಿಯ ರೇಡಿಯೋದಲ್ಲಿ ಮುಂದೆ ಹೋಗು ಎಂದು ಕೂಗಿದ್ದು, ಇವಳು ಕಿವಿಯಿಂದ ಅದನ್ನು ಕಿತ್ತು ಎಸೆದದ್ದು ಆಮೇಲೆ ನಮಗೆ ಗೊತ್ತಾಯಿತು. ಆಗ ಕಂಡದ್ದು ಇಷ್ಟೇ. ರತ್ನ ಸೈಕಲ್ಲಿನ ಮೇಲೆ ಮಡಿಸಿಕೊಂಡ ಹಾಗೆ ಬಾಗಿದ್ದಾಳೆ, ಗಲ್ಲದಿಂದ ಜೊಲ್ಲು ಇಳಿಯುತ್ತಿದೆ, ಎದುರುಗಾಳಿಯನ್ನೆಲ್ಲ ತಾನೊಬ್ಬಳೇ ಒಡೆಯುತ್ತಿದ್ದಾಳೆ. ತಾಯಿ ಪಕ್ಕದಲ್ಲೇ ನಿಂತಿದ್ದರೂ ಅವಳಿಗೆ ಕಾಣಲಿಲ್ಲ.

ಆ ಸುತ್ತು ಮುಗಿಯುವವರೆಗೆ ಮೈಕಿನವನು ಏರುದನಿಯಲ್ಲಿ ಏನೋ ಹೇಳುತ್ತಿದ್ದ, ಜನ ಒಟ್ಟಾಗಿ ಉದ್ಗಾರ ತೆಗೆಯುತ್ತಿದ್ದರು. ಗುಂಪು ಮತ್ತೆ ಬಂತು. ಅದರ ಬಾಲಕ್ಕೆ ಕೆಲವೇ ಮಾರು ದೂರದಲ್ಲಿ ಇವರಿಬ್ಬರು. ನಮ್ಮೆದುರಿಗೇ ರತ್ನ ಕೊನೆಯದಾಗಿ ಎದ್ದು ನಿಂತು ತುಳಿದು, ಪಕ್ಕಕ್ಕೆ ಸರಿದಳು. ಲೀಸ್ ಅವಳನ್ನು ದಾಟಿ ಗುಂಪಿನ ಬಾಲ ಹಿಡಿದಳು. ರತ್ನ ಹಿಂದಿನಿಂದ ಕೂಗಿದ್ದು ನಮಗೆ ಕೇಳಿಸಿತು.

"ಓಗೇ, ಓಗು!"

ಶುದ್ಧ ಬಾಗೂರಿನ ಕನ್ನಡ. ಲೀಸಳಿಗೆ ಅರ್ಥವಾದಂತಿತ್ತು.

ಕೊನೆಯ ಸುತ್ತಿನ ಸ್ಪ್ರಿಂಟಿನಲ್ಲಿ ಲೀಸ್ ಮೂರನೆಯವಳಾಗಿ ಬಂದಳು. ಮೊದಲ ಮೂವರಿಗೆ ಹೂವು. ಮಾರ್ತಾ ಅಡ್ಡಕಂಬಿಯ ಮೇಲೆ ತಲೆ ಇಟ್ಟು ಅತ್ತರು. ಜಯಮ್ಮ ಅವರ ಬೆನ್ನು ಸವರುತ್ತಲೇ ರಸ್ತೆಯ ಕಡೆ ನೋಡುತ್ತಿದ್ದರು.

ಎಲ್ಲರೂ ಬಂದರು. ಇವಳು ಬರಲಿಲ್ಲ. ಮೊದಲು ಬಂದವರಿಗೆ ಹೂವು ಕೊಡಲು ಮೆಟ್ಟಿಲು ಸಿದ್ಧ ಮಾಡಿದರು, ಲೀಸ್ ಹತ್ತಲಿಲ್ಲ. ತಡೆಯಿರಿ ಎಂದು ಕೈ ತೋರಿಸಿದಳು. ಆಗ ತಿರುವಿನಲ್ಲಿ ಮೂರು ಬಣ್ಣ ಕಂಡಿತು. ಒಬ್ಬಳೇ, ಅಡ್ಡಡ್ಡ ಓಲಾಡುತ್ತ, ಹಿಂದೆ ರೇಸಿನ ಕೊನೆಯ ಗಾಡಿ. ಕುರ್ಚಿಗಳಲ್ಲಿ ಕೂತಿದ್ದವರೆಲ್ಲ ಎದ್ದು ನಿಂತರು. ಗೆದ್ದವಳಿಗೂ ಅಷ್ಟು ಚಪ್ಪಾಳೆ ಬಿದ್ದಿರಲಿಲ್ಲ.

ಆ ಇಟಲಿಯವರು ಆ ವರ್ಷ ಬೇರೆಯವಳನ್ನು ತೆಗೆದುಕೊಂಡರು. ಮ್ಯಾನೇಜರು ಒಂದು ವಾರ ರತ್ನಳ ಜೊತೆ ಮಾತು ಬಿಟ್ಟ. ಮರುವರ್ಷ ಅವಳು ಇಟಲಿಯ ನೆಲದಲ್ಲೇ ಅವರ ಹುಡುಗಿಯನ್ನು ಸೋಲಿಸಿದ ಮೇಲೆ ಅವರಾಗಿಯೇ ಬಂದು ಕರೆದರು. ಆ ತಂಡದಲ್ಲಿ ಗೆದ್ದ ಗೆಲುವುಗಳು ನಮ್ಮ ಪೇಪರುಗಳಲ್ಲೂ ಬಂದವು. ಈಗ ಹಾಸನದಲ್ಲಿ ಹುಡುಗಿಯರಿಗೆ ಸೈಕಲ್ ಕಲಿಸುತ್ತಾಳೆ. ಅದೆಲ್ಲ ಆಮೇಲಿನದು. ಅವತ್ತು ಗೆರೆಯಾಚೆ ನಿಂತವಳಿಗೆ ಸೈಕಲ್ಲಿನಿಂದ ಕಾಲು ತೆಗೆಯಲೂ ಆಗುತ್ತಿರಲಿಲ್ಲ. ಲೀಸ್ ಓಡಿಬಂದು ಹಿಡಿದುಕೊಂಡಳು.

ಜಯಮ್ಮ ಅಡ್ಡಕಂಬಿಯ ಕೆಳಗೆ ನುಸುಳಿ ರಸ್ತೆಗೆ ಇಳಿದೇಬಿಟ್ಟರು. ಉಣ್ಣೆಯ ಕೋಟಿನ ತುದಿಯಲ್ಲೇ ಮಗಳ ಮುಖ ಒರೆಸಿದರು. ಯಾರು ಈ ಸೀರೆಯ ಹೆಂಗಸು ಎಂದು ಜನ ನೋಡುತ್ತಿರುವಾಗ, ಮಾರ್ತಾ ಹೋಗಿ ಮೈಕಿನವನ ಕಿವಿಯಲ್ಲಿ ಹೇಳಿದರು. ಅವನು ಬಂದು, ಬಾಗಿ, ಜಯಮ್ಮನ ಮುಂದೆ ಮೈಕು ಹಿಡಿದ. ಮಾತಾಡಿ ಎಂಬ ಹಾಗೆ ತಲೆ ಆಡಿಸಿದ.

ಜಯಮ್ಮ ಹೆದರಲಿಲ್ಲ. ಸೆರಗು ಸರಿ ಮಾಡಿಕೊಂಡರು. ಅವರ ದನಿ ಚರ್ಚಿನ ಗೋಡೆಯವರೆಗೆ ಕೇಳಿತು.

"ನಾನು ಇವ್ಳ ತಾಯಿ. ಬಾಗೂರಿಂದ ಬಂದಿವ್ನಿ. ನನ್ ಮಗ್ಳು ಇವತ್ತು ಎಲ್ಲಾರ್ಗಿಂತ ಕೊನೇಲಿ ಬಂದವ್ಳೆ. ಯಾಕ್ ಬಂದ್ಲು ಅಂತ ನಿಮ್ಗೆಲ್ಲ ಗೊತ್ತು. ನಮ್ಮೂರೋರ್ಗೆ ನಾನ್ ಓಗಿ ಏಳ್ತೀನಿ."

ಊರಿಗೆ ಊರೇ ಚಪ್ಪಾಳೆ ತಟ್ಟಿತು. ಅವರು ಹೇಳಿದ್ದು ಅರ್ಥವಾದದ್ದು ಆ ಜನರಲ್ಲಿ ಇಬ್ಬರಿಗೆ ಮಾತ್ರ. ನಾನು ಅಡ್ಡಕಂಬಿ ಹಿಡಿದುಕೊಂಡು ನಿಂತಿದ್ದೆ. ರತ್ನ ತಾಯಿಯ ಭುಜದಲ್ಲಿ ಮುಖ ಮುಚ್ಚಿಕೊಂಡಿದ್ದಳು.